ವೆಲಿಗಾಮದಲ್ಲಿ ಕ್ರಿಸ್‌ಮಸ್ ವಾರ

ಡಿಸೆಂಬರ್ 23, ಶನಿವಾರ

2023ರ ಆ ಚಳಿಗಾಲದಲ್ಲಿ ಶ್ರೀಲಂಕಾ ಸರ್ಕಾರ ಭಾರತದವರಿಗೆ ವೀಸಾ ಶುಲ್ಕ ಬಿಟ್ಟಿತ್ತು. ಆನ್‌ಲೈನಿನಲ್ಲಿ ಅರ್ಜಿ ತುಂಬಿದರೆ ಸಾಕಿತ್ತು. ಮಗಳಿಗೆ ಕಾಲೇಜು ರಜೆ, ನಮ್ಮಿಬ್ಬರಿಗೂ ವರ್ಷದ ಕೊನೆಗೆ ಮುಗಿಸಲೇಬೇಕಾದ ರಜೆ. ಸರ್ಫಿಂಗ್ ಕಲಿಯಬೇಕು ಅನ್ನೋದು ಅವಳ ಹಠ. ಲಂಕೆಯ ದಕ್ಷಿಣ ತೀರದಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ಸೀಸನ್, ವೆಲಿಗಾಮ ಕೊಲ್ಲಿಯ ತಳದಲ್ಲಿ ಬರೀ ಮರಳು, ಬಿದ್ದರೂ ಪೆಟ್ಟಾಗಲ್ಲ ಅಂತ ಅವಳೇ ಓದಿಕೊಂಡಿದ್ದಳು. ಟಿಕೆಟ್, ರೂಮಿನ ಕಥೆ ಇಷ್ಟು ಸಾಕು.

ಕೊಲಂಬೊ ಫೋರ್ಟ್ ಸ್ಟೇಷನ್ನಿನಲ್ಲಿ ಮಾತರ ಕಡೆಯ ರೈಲು ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ಸೋಮವಾರ ಕ್ರಿಸ್‌ಮಸ್, ಮಂಗಳವಾರ ಹುಣ್ಣಿಮೆ ರಜೆ. ಊರಿಗೆ ಹೊರಟವರು ಬ್ಯಾಗುಗಳನ್ನು ಕಿಟಕಿಯಿಂದಲೇ ಒಳಗೆ ತುರುಕುತ್ತಿದ್ದರು. ನಾವು ಬಾಗಿಲ ಹತ್ತಿರ ನಿಂತೆವು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕೊಲ್ಲುಪಿಟಿಯ ಬರುತ್ತಿದ್ದಂತೆ ಹಳಿ ಸಮುದ್ರದ ಪಕ್ಕಕ್ಕೇ ಬರುತ್ತದೆ. ಅಲೆ ಕಲ್ಲಿಗೆ ಬಡಿದು ಹನಿ ಮುಖಕ್ಕೆ ಸಿಡಿಯುತ್ತದೆ. ಸಮುದ್ರ ಇರುವುದು ಬಲಕ್ಕೆ, ಸೀಟು ಸಿಕ್ಕಿದರೆ ಆ ಕಡೆ ಹಿಡಿಯಿರಿ. ಆದರೆ ಗಾಲೆಯಲ್ಲಿ ರೈಲು ದಿಕ್ಕು ತಿರುಗಿಸಿ, ಬಂದ ಬಾಲದ ಕಡೆಯಿಂದಲೇ ಹೊರಡುತ್ತದೆ. ಅಲ್ಲಿಂದ ಮುಂದೆ ಸಮುದ್ರ ನಿಮ್ಮ ಎದುರು ಬದಿಯವರ ಪಾಲು!

ಅಲುತ್‌ಗಾಮದ ಹತ್ತಿರ ಜಾಗ ಸಿಕ್ಕಿತು. ಎದುರಿಗೆ ಕೊಲಂಬೊದಲ್ಲಿ ನರ್ಸ್ ಆಗಿರುವ ಒಬ್ಬಾಕೆ. ತೊಡೆಯ ಮೇಲೆ ದೊಡ್ಡ ಕೇಕಿನ ಡಬ್ಬ. ಕ್ರಿಶ್ಚಿಯನ್ನರಾ ಅಂತ ಕೇಳಿದೆ. "ಇಲ್ಲ, ಬೌದ್ಧರು. ಅದಕ್ಕೇನು? ಮನೆಯಲ್ಲಿ ಮಕ್ಕಳಿದ್ದಾರಲ್ಲ" ಅಂದಳು. ಸಿಗಡಿ ಅಂಟಿಸಿದ ಇಸ್ಸೊ ವಡೆ ಮಾರುವವನು ಬಂದ. ವಡೆ ಕಟ್ಟಿಕೊಟ್ಟಿದ್ದು ಯಾವುದೋ ಮಗುವಿನ ಗಣಿತದ ನೋಟ್‌ಬುಕ್ಕಿನ ಹಾಳೆಯಲ್ಲಿ. ಭಾಗಾಕಾರದ ಲೆಕ್ಕಗಳು, ಕೆಂಪು ಇಂಕಿನ ಟಿಕ್ ಮಾರ್ಕು, ಕೊನೆಯದಕ್ಕೆ ಮಾತ್ರ ಅಡ್ಡಗೀಟು. ಮಗಳು ಎಣ್ಣೆ ಮೆತ್ತಿದ ಆ ಲೆಕ್ಕವನ್ನು ತಾನೇ ಮಾಡಿ ನೋಡಿ, ಟೀಚರ್ ಸರಿ ಅಂದಳು.

ವೆಲಿಗಾಮ ತಲುಪಿದಾಗ ಕತ್ತಲಾಗಿತ್ತು. ನಾವು ಉಳಿದದ್ದು ದೊಡ್ಡ ರಸ್ತೆಯಿಂದ ಒಳಗೆ, ಓಣಿಯೊಂದರ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯವರು. ಯಜಮಾನರು ಕುವೈತಿನಲ್ಲಿ, ಇಲ್ಲಿ ಅವರ ಹೆಂಡತಿ, ನಾವು ಅಕ್ಕ ಅಂತ ಕರೆದವರು, ಮತ್ತು ಹೈಸ್ಕೂಲಿನ ಮಗಳು. ಆ ಹುಡುಗಿ ರಿಜಿಸ್ಟರ್ ತಂದು ಪಾಸ್‌ಪೋರ್ಟ್ ನಂಬರ್ ಬರೆದುಕೊಂಡಳು, ಬಾಡಿಗೆಯ ಲೆಕ್ಕವನ್ನೂ ಅವಳೇ ಹೇಳಿದಳು. ನಮ್ಮ ಒಂದು ರೂಪಾಯಿಗೆ ಆಗ ಅವರದ್ದು ಹತ್ತಿರ ಹತ್ತಿರ ನಾಲ್ಕು. ಮೊದಲ ದಿನ ಪ್ರತಿ ಬೆಲೆಗೂ ಎದೆ ಧಸಕ್ ಅನ್ನುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ರಾತ್ರಿ ಊಟಕ್ಕೆ ಅನ್ನ, ತೆಂಗಿನ ಹಾಲಿನ ಬೇಳೆ, ಮತ್ತೆ ಅಂಬುಲ್ ತಿಯಲ್ ಅನ್ನೋ ಮೀನು. ಮಸಾಲೆ ತುಂಡಿಗೇ ಅಂಟಿಕೊಂಡು ಕಪ್ಪಗಿತ್ತು, ರಸವೇ ಇಲ್ಲ. ನಮ್ಮನೆಯವರು ಹೊನ್ನಾವರದ ಕಡೆಯವರು, ಮೀನಿನ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ. ಒಂದು ತುತ್ತು ತಿಂದು ಸುಮ್ಮನಾದರು. ಆಮೇಲೆ ಅಡುಗೆಮನೆಗೆ ಹೋಗಿ, ಹುಳಿ ಯಾವುದು ತೋರಿಸಿ ಅಂತ ಕೇಳಿದರು. ಅಕ್ಕ ಮಣ್ಣಿನ ಮಡಕೆಯಿಂದ ಒಣಗಿದ ಕಪ್ಪು ಸಿಪ್ಪೆ ತೆಗೆದು ಕೊಟ್ಟರು. ಅಲ್ಲಿ ಅದು ಗೊರಕ. "ಮಾರಾಯ್ತಿ, ಇದು ನಮ್ಮ ಉಪ್ಪಾಗೆ!" ಅಂತ ಇವರು ಅಲ್ಲಿಂದಲೇ ಕೂಗಿದರು. ಈ ಮೀನು ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡಲ್ಲವಂತೆ. ನಮ್ಮ ಪಾತ್ರೆಯಲ್ಲಿ ಅದು ಮರುದಿನ ಬೆಳಗಿನವರೆಗೂ ಉಳಿಯಲಿಲ್ಲ, ಆ ಮಾತು ಬೇರೆ.

ಡಿಸೆಂಬರ್ 24, ಭಾನುವಾರ

ಬೆಳಿಗ್ಗೆ ಎಬ್ಬಿಸಿದ್ದು ಒಂದು ಪಿಯಾನೊ ರಾಗ. ಕಿರಿಕಿರಿ ಆಗುವಷ್ಟು ಜೋರು. ಬ್ರೆಡ್ ಮಾರುವ ಆಟೋ. ಹಿಂದೆ ಗಾಜಿನ ಪೆಟ್ಟಿಗೆ, ಅದರಲ್ಲಿ ಬನ್ನು, ಬ್ರೆಡ್ಡು, ಒಳಗೆ ಮೀನಿನ ಪಲ್ಯ ತುಂಬಿದ ತ್ರಿಕೋನದ ಮಾಳು ಪಾನ್. ಓಣಿಯ ಹೆಂಗಸರು ನೈಟಿಯಲ್ಲೇ ಬಂದು ನಿಂತಿದ್ದರು. ಬಿಸಿ ಮಾಳು ಪಾನ್ ಸಿಗಬೇಕಾದರೆ ಮೊದಲ ಸುತ್ತಿನಲ್ಲೇ ಹಿಡಿಯಬೇಕು, ಎರಡನೇ ಸುತ್ತಿಗೆ ಬರೀ ಸಕ್ಕರೆ ಬನ್ನು.

ವೆಲಿಗಾಮದ ಕಡಲತೀರಕ್ಕೂ ಊರಿಗೂ ನಡುವೆ ಕೊಲಂಬೊ, ಗಾಲೆ, ಮಾತರ ಜೋಡಿಸುವ ಹೆದ್ದಾರಿ ಇದೆ. ಕೆಂಪು ಸರ್ಕಾರಿ ಬಸ್ಸುಗಳೂ ನೀಲಿ ಖಾಸಗಿ ಬಸ್ಸುಗಳೂ ಒಂದನ್ನೊಂದು ಅಟ್ಟಿಸಿಕೊಂಡು ಬರುತ್ತವೆ. ಬೋರ್ಡು ಹೊತ್ತುಕೊಂಡು ಆ ರಸ್ತೆ ದಾಟುವುದೇ ಸರ್ಫಿಂಗಿನ ಮೊದಲ ಪಾಠ ಅನ್ನಬಹುದು. ಎಂಟು ಒಂಬತ್ತು ಅಡಿ ಉದ್ದದ ಬೋರ್ಡು, ಬಸ್ಸು ಹೋದ ಗಾಳಿಗೆ ಗಿರಕಿ ಹೊಡೆಯುತ್ತದೆ. ಆ ಕಡೆ ಹೋಗಿ ಬಾಡಿಗೆಗೆ ತೆಗೆದುಕೊಳ್ಳುವುದೇ ವಾಸಿ. ತೀರದುದ್ದಕ್ಕೂ ತೆಂಗಿನ ಗರಿಯ ಚಪ್ಪರಗಳು, ಪ್ರತಿಯೊಂದರ ಮುಂದೆ ಸಾಲಾಗಿ ಬೋರ್ಡು, ರಷ್ಯನ್ ಭಾಷೆಯಲ್ಲೂ ಬರೆದ ದರಪಟ್ಟಿ. ಬೆಲೆ ಚೌಕಾಸಿಗೆ ಬಗ್ಗುತ್ತದೆ. ಒಂದೇ ಚಪ್ಪರಕ್ಕೆ ದಿನಾ ಹೋಗ್ತೀವಿ ಅಂದರೆ ಇನ್ನೂ ಬಗ್ಗುತ್ತದೆ.

ನಮಗೆ ಕಲಿಸಿದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಎಲ್ಲರೂ ಅವನನ್ನು ಮಲ್ಲಿ ಅಂತಲೇ ಕರೆಯುತ್ತಿದ್ದರು, ಅವರಲ್ಲಿ ತಮ್ಮನನ್ನು ಕರೆಯುವ ಹಾಗೆ. ನನ್ನನ್ನು ಅವನು ಅಕ್ಕ ಅಂದ. ಮೊದಲು ಮರಳಿನ ಮೇಲೆ ಪಾಠ. ಹೊಟ್ಟೆಯ ಮೇಲೆ ಮಲಗು, ಅಂಗೈ ಎದೆಯ ಪಕ್ಕ ಇಡು, ಎದೆ ಎತ್ತು, ಒಂದೇ ಸಲಕ್ಕೆ ಎದ್ದು ನಿಲ್ಲು. ಮಂಡಿ ಊರಬಾರದು, ಊರಿದರೆ ಅದೇ ಅಭ್ಯಾಸವಾಗಿಬಿಡುತ್ತೆ. ಬಿದ್ದರೆ ಮುಳುಗು ಹಾಕಬೇಡ, ಚಪ್ಪಟೆಯಾಗಿ ಬೀಳು. ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೋ, ಯಾಕಂದ್ರೆ ಬೋರ್ಡು ಎಲ್ಲಿದೆ ಅಂತ ನಿಂಗೆ ಗೊತ್ತಿರಲ್ಲ. ಮತ್ತೆ ನಿನಗೂ ಅಲೆಗೂ ನಡುವೆ ಬೋರ್ಡು ಯಾವತ್ತೂ ಇರಬಾರದು, ಪಕ್ಕಕ್ಕೆ ಹಿಡಿ. ಈ ಕೊನೆಯದನ್ನು ಅವನು ಮತ್ತೆ ಮತ್ತೆ ಹೇಳಿದ. ಅರ್ಧ ಗಂಟೆಯಲ್ಲೇ ಕಾರಣ ಕಂಡಿತು. ಎದುರಿಗೆ ಅಡ್ಡ ಹಿಡಿದುಕೊಂಡು ನಡೆಯುತ್ತಿದ್ದ ಒಬ್ಬ ದಾಂಡಿಗನಿಗೆ ಅಲೆ ಬೋರ್ಡನ್ನೇ ತೆಗೆದು ಗಲ್ಲಕ್ಕೆ ಬಡಿಯಿತು.

ಸೊಂಟದಷ್ಟು ನೀರಲ್ಲಿ ಮಲ್ಲಿ ಬೋರ್ಡಿನ ಹಿಂಭಾಗ ಹಿಡಿದು ನಿಲ್ಲುತ್ತಾನೆ. ಹಿಂದೆ ತಿರುಗಿ ಅಲೆ ನೋಡುತ್ತಾನೆ. ನಮಗೆ ಎಲ್ಲ ಅಲೆಯೂ ಒಂದೇ, ಅವನು ಎರಡು ಮೂರು ಬಿಟ್ಟು ಒಂದನ್ನು ಆರಿಸುತ್ತಾನೆ. "ಪ್ಯಾಡಲ್, ಪ್ಯಾಡಲ್!" ಅಂತ ಕೂಗಿ ತಳ್ಳುತ್ತಾನೆ. ಬೆನ್ನ ಹಿಂದೆ ಭೋರೆಂಬ ಸದ್ದು, ಬೋರ್ಡಿನ ಬಾಲ ಮೇಲೇಳುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ನೀರಿನ ಜಿಗುಟು ಬಿಟ್ಟುಹೋಗಿ ಬೋರ್ಡು ತಾನೇ ಓಡತೊಡಗುತ್ತದೆ. ಏಳಬೇಕಾದ್ದು ಆಗಲೇ. ನಾನು ಎದ್ದೆ, ಕಾಲ ಬೆರಳು ನೋಡಿದೆ, ಬಿದ್ದೆ. ಕೆಳಗೆ ನೋಡಿದರೆ ಕೆಳಗೇ ಹೋಗ್ತೀರಿ ಅಕ್ಕ, ತೆಂಗಿನ ಮರ ನೋಡಿ ಅಂದ. ಮಗಳು ಮರ ನೋಡಿಕೊಂಡೇ ತೀರದ ತನಕ ಬಂದು, ಮರಳಿಗೆ ತಾಗಿ ಮುಗ್ಗರಿಸಿದಳು.

ನಮ್ಮನೆಯವರು ಶರಾವತಿಯಲ್ಲಿ ಈಜು ಕಲಿತವರು. ಬೋರ್ಡು ಬೇಡ, ಸುಮ್ನೆ ಪಕ್ಕದಲ್ಲಿ ಈಜ್ತೀನಿ ಅಂತ ಕನ್ನಡಕ ಹಾಕಿಕೊಂಡೇ ಇಳಿದರು. "ರೀ, ತೆಗೆದಿಟ್ಟು ಹೋಗಿ" ಅಂದೆ. "ತೆಗೆದರೆ ನೀವಿಬ್ಬರೂ ಬೀಳೋದು ಕಾಣಬೇಕಲ್ಲ!" ಹತ್ತು ನಿಮಿಷದಲ್ಲಿ ಒಂದು ನೊರೆ ಅಲೆ ಅವರ ಮೇಲೆ ಹಾದುಹೋಯಿತು. ಎದ್ದಾಗ ಮುಖ ಖಾಲಿ.

ಮಲ್ಲಿಗೆ ಆಶ್ಚರ್ಯವೇನೂ ಆಗಲಿಲ್ಲ. ಚಪ್ಪರದ ಹಿಂದಿನಿಂದ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ ತಂದ. ಕೊಲ್ಲಿಯಲ್ಲಿ ಕಳೆದುಹೋಗಿ ಮತ್ತೆ ಸಿಕ್ಕಿದ್ದೆಲ್ಲ ಅದರಲ್ಲಿ. ಒಂಟಿ ಓಲೆಗಳು, ತುಕ್ಕು ಹಿಡಿದ ಬೈಕಿನ ಕೀಲಿ, ಕ್ಯಾಮೆರಾದ ಪಟ್ಟಿ, ಮೇಲ್ಸಾಲಿನ ಕಟ್ಟು ಹಲ್ಲು, ಮತ್ತೆ ಸುಮಾರು ಕನ್ನಡಕ. ಬೀಚಿಗೆ ಎಳೆದ ಬಲೆಯಲ್ಲಿ ಬರ್ತವೆ, ಬಲೆಯವರು ನಮಗೆ ಕೊಟ್ಟು ಹೋಗ್ತಾರೆ ಅಂದ. ಇವರು ಒಂದೊಂದೇ ಹಾಕಿ ರಸ್ತೆಯ ಕಡೆ ನೋಡಿದರು. ಕೊನೆಗೆ ಒಂದು ಹೊಂದಿತು, ಪೂರ್ತಿ ಅಲ್ಲ, ಬಸ್ಸಿನ ಬೋರ್ಡು ಓದುವಷ್ಟು. ತಿಳಿ ಹಸಿರು ಚೌಕಟ್ಟು, ಕಡ್ಡಿಯ ಮೇಲೆ ಹೊಳೆಯುವ ಹರಳು, ಬೆಕ್ಕಿನ ಕಣ್ಣಿನ ಆಕಾರ. ಯಾವುದೋ ಹೆಂಗಸಿನದ್ದು. ಮಗಳು ನಗು ತಡೆಯಲಾರದೆ ಮರಳಿನ ಮೇಲೆ ಕುಕ್ಕರಿಸಿದಳು. ಭಾನುವಾರ, ಕನ್ನಡಕದಂಗಡಿ ಮುಚ್ಚಿತ್ತು. ನಾಳೆ ಕ್ರಿಸ್‌ಮಸ್, ನಾಡಿದ್ದು ಹುಣ್ಣಿಮೆ. ಬುಧವಾರದ ತನಕ ಇದೇ ಗತಿ ಅಂತಾಯಿತು.

ಸಂಜೆ ಆಟೋದಲ್ಲಿ ಒಬ್ಬ ಸಾಂತಾ ಬಂದ. ಗಡ್ಡದ ಹತ್ತಿ ಬೆವರಿಗೆ ಕೆನ್ನೆಗೆ ಅಂಟಿತ್ತು. ಮೈಕಿನಲ್ಲಿ ಬೈಲಾ ಹಾಡು, ಹಿಂದೆ ಓಣಿಯ ಮಕ್ಕಳ ದಂಡು. ಊಟಕ್ಕೆ ಕೊತ್ತು ರೊಟ್ಟಿ ತಿಂದೆವು. ಕಾದ ಕಾವಲಿಯ ಮೇಲೆ ರೊಟ್ಟಿ, ಮೊಟ್ಟೆ, ತರಕಾರಿಯನ್ನು ಎರಡು ತಗಡಿನಲ್ಲಿ ಕೊಚ್ಚುವ ಆ ಟಕಟಕ ಸದ್ದು ರಸ್ತೆಯ ಆ ತುದಿಗೂ ಕೇಳುತ್ತದೆ. ಒಂದು ಪ್ಲೇಟು ಇಬ್ಬರಿಗೆ ಸಾಕು, ಖಾರ ಕಮ್ಮಿ ಅಂತ ಮೊದಲೇ ಹೇಳಿಬಿಡಿ. ಹನ್ನೆರಡಕ್ಕೆ ಪಟಾಕಿ. ನಾವು ಅಷ್ಟು ಹೊತ್ತಿಗೆ ಹೆಣಭಾರ ನಿದ್ದೆಯಲ್ಲಿದ್ದೆವು. ಭುಜ ಎತ್ತಲಾಗದ ನೋವು.

ಡಿಸೆಂಬರ್ 25, ಸೋಮವಾರ

ಇವರು ನಸುಕಿನಲ್ಲೇ ಎದ್ದು ಬೀಚಿಗೆ ಹೋಗಿದ್ದರು. ಬಲೆಯಲ್ಲಿ ಕನ್ನಡಕ ಬರುತ್ತೇನೋ ಅನ್ನುವ ಆಸೆ. ನಾನೂ ಚಹಾ ಕುಡಿದು ಹಿಂದೆಯೇ ಹೋದೆ.

ಬಲೆ ಅಂದರೆ ನಮ್ಮ ಕರಾವಳಿಯ ರಂಪಣಿಯೇ. ದೋಣಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗವನ್ನು ಎರಡು ಗುಂಪು ತೀರದಿಂದ ಎಳೆಯುತ್ತವೆ. ಹಿರಿಯನೊಬ್ಬ ಪದ ಹೇಳಿದರೆ ಉಳಿದವರು ಸೊಲ್ಲು ಸೇರಿಸಿ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಹಸಿರು ಕನ್ನಡಕದವರು ಆಗಲೇ ಹಗ್ಗ ಹಿಡಿದಿದ್ದರು. ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಸೊಂಟಕ್ಕೆ ಒತ್ತು ಕೊಟ್ಟು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅಲ್ಲೇ ನಿಂತು ವಿಡಿಯೊ ಮಾಡುತ್ತಿದ್ದ ಪ್ರವಾಸಿಗರೂ ಒಬ್ಬೊಬ್ಬರೇ ಹಗ್ಗಕ್ಕೆ ಸೇರಿದರು. ಸ್ವಲ್ಪ ಹೊತ್ತಿಗೆ ಅಂಗೈ ನೋಡಿಕೊಂಡು ಬಿಟ್ಟರು.

ಬಲೆ ನೀರಲ್ಲಿ ಇರುವ ತನಕ ಆ ಭಾಗದಲ್ಲಿ ಒಬ್ಬ ಸರ್ಫರೂ ಇಳಿಯುವುದಿಲ್ಲ. ಚಪ್ಪರದ ಹುಡುಗರು ತಮ್ಮ ಬಾವುಟ ಕಿತ್ತು ಆಚೆ ನೆಡುತ್ತಾರೆ. ಯಾರೋ ಗೊತ್ತಿಲ್ಲದೆ ನುಗ್ಗಿದರೆ ಮಲ್ಲಿ ಸಿಳ್ಳೆ ಹಾಕಿ ಕರೆಯುತ್ತಾನೆ. ಎರಡು ಕಸುಬು, ಒಂದೇ ಮರಳು. ಜಗಳ ಆಗಲ್ವಾ ಅಂತ ಕೇಳಿದೆ. "ಮುಂಚೆ ಆಗ್ತಿತ್ತು. ಈಗ ಆ ಹಗ್ಗದಲ್ಲಿ ನಮ್ಮ ಮಾವ, ಈ ಬೋರ್ಡಿನಲ್ಲಿ ನಾನು. ರಾತ್ರಿ ಒಂದೇ ಮನೆಯಲ್ಲಿ ಊಟ" ಅಂದ.

ಬಲೆ ಬಂತು. ಬೆರಳುದ್ದದ ಬೆಳ್ಳಿ ಮೀನು, ಒಂದಿಷ್ಟು ಬಂಗಡೆ, ಎರಡು ಸಣ್ಣ ಕಾರ್ಗಿಲು. ಜೊತೆಗೆ ಒಂದು ಹವಾಯಿ ಚಪ್ಪಲಿ. ಕನ್ನಡಕ ಬರಲಿಲ್ಲ. ಹಗ್ಗ ಎಳೆದಿದ್ದಕ್ಕೆ ಇವರ ಪಾಲು ಅಂತ ಎರಡು ಹಿಡಿ ಮೀನು ಎಲೆಯಲ್ಲಿ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ.

ಹತ್ತು ಗಂಟೆಯ ತನಕ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ, ಅಲೆಯ ಮುಖ ನುಣುಪಾಗಿರುತ್ತದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ಬಂದು ಎಲ್ಲ ಕಲಕಿಬಿಡುತ್ತದೆ. ಹಾಗಾಗಿ ಬೆಳಗಿನ ಪಾಳಿಗೇ ಗಿರಾಕಿ ಜಾಸ್ತಿ. ಅವತ್ತು ನೀರಿನಲ್ಲಿ ಎಷ್ಟು ಜನ ಅಂದರೆ, ಬೀಳಲು ಖಾಲಿ ಜಾಗ ಹುಡುಕಬೇಕಿತ್ತು. ಸಾಂತಾ ಟೋಪಿ ಹಾಕಿಕೊಂಡವರು, ತಲೆಗೆ ಕ್ಯಾಮೆರಾ ಕಟ್ಟಿಕೊಂಡವರು, ಬಿಳಿ ಜಿಂಕ್ ಬಳಿದ ಮುಖಗಳು. ಒಂದು ಅಲೆ ಒಬ್ಬರಿಗೆ, ಒಡೆಯುವ ಜಾಗಕ್ಕೆ ಹತ್ತಿರ ಇದ್ದವರಿಗೆ ಹಕ್ಕು ಅನ್ನೋ ನಿಯಮ ಇದೆ. ಕ್ರಿಸ್‌ಮಸ್ ದಿನ ಅದನ್ನು ಯಾರೂ ಪಾಲಿಸಿದ್ದು ಕಾಣಲಿಲ್ಲ. ಮಲ್ಲಿ ಮಗಳನ್ನು ಗದ್ದಲ ಬಿಟ್ಟು ದೂರ ಕರೆದುಕೊಂಡು ಹೋದ. ಅಲ್ಲಿ ಅಲೆ ಇನ್ನೂ ಒಡೆದಿರುವುದಿಲ್ಲ, ಹಸಿರಾಗಿ ಉಬ್ಬಿಕೊಂಡು ಬರುತ್ತದೆ. ಒಂದರಲ್ಲಿ ಅವಳು ನಿಂತಳು, ಅಲೆಯ ಹೆಗಲ ಮೇಲೆ ಅಡ್ಡಕ್ಕೆ ಜಾರಿಕೊಂಡು ಬಂದಳು. ಹಸಿರು ಕನ್ನಡಕ ನನ್ನ ಕೈ ಹಿಡಿದು "ಎಲ್ಲಿ, ಯಾವುದು, ಆ ಕೆಂಪು ಬಟ್ಟೆಯಾ?" ಅಂತ ಕೇಳುತ್ತಲೇ ಇತ್ತು. ಕೆಂಪು ಬಟ್ಟೆ ಜರ್ಮನಿಯ ಒಬ್ಬ ಅಜ್ಜನದ್ದು.

ಮಧ್ಯಾಹ್ನ ಮಳೆ ಹೊಡೆಯಿತು. ಮೋಡ ಕಂಡು ಐದು ನಿಮಿಷ ಆಗಿರಲಿಲ್ಲ. ತಂತಿಯ ಮೇಲಿದ್ದ ಬಟ್ಟೆ ಎಲ್ಲ ಮತ್ತೆ ನೆನೆಯಿತು. ಡಿಸೆಂಬರಿನಲ್ಲಿ ಇಲ್ಲಿಗೆ ಬರುವವರು ಬಟ್ಟೆ ಒಣಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ, ಎರಡು ಜೊತೆ ಹೆಚ್ಚಿಗೆ ತನ್ನಿ. ಚಪ್ಪರದ ಕೆಳಗೆ ಸಿಕ್ಕಿಹಾಕಿಕೊಂಡವರೆಲ್ಲ ಮಾತಿಗೆ ಕೂತೆವು. ಏಪ್ರಿಲ್ ಮುಗಿದರೆ ಇಲ್ಲಿ ನೈರುತ್ಯ ಮಾನ್ಸೂನ್, ಸಮುದ್ರ ಕೆರಳುತ್ತದೆ. ಆಗ ಮಲ್ಲಿಯಂಥ ಹುಡುಗರು ಬೋರ್ಡು ಕಟ್ಟಿಕೊಂಡು ಪೂರ್ವ ತೀರದ ಅರುಗಂ ಬೇ ಅನ್ನೋ ಊರಿಗೆ ಹೋಗುತ್ತಾರೆ. ಅಲ್ಲಿ ಅಕ್ಟೋಬರ್ ತನಕ ಸೀಸನ್. ಆಮೇಲೆ ಮತ್ತೆ ಇಲ್ಲಿಗೆ. ವರ್ಷಕ್ಕೆ ಎರಡು ಬಿಡಾರ. 2022ರಲ್ಲಿ ಪೆಟ್ರೋಲ್ ಇಲ್ಲದೆ ದೇಶವೇ ಕ್ಯೂ ನಿಂತಾಗ ಅವರಿಗೆ ಅಲ್ಲಿಗೆ ಹೋಗುವುದೇ ಕಷ್ಟವಾಯಿತಂತೆ. ಹೋದರೂ ಗಿರಾಕಿ ಇಲ್ಲ. ಅವನು ಮಾವನ ಜೊತೆ ಬಲೆ ಎಳೆದು ಆ ವರ್ಷ ದೂಡಿದ. "ಅದಕ್ಕೇ ಈ ಸಲ ಗಲಾಟೆ, ನೂಕುನುಗ್ಗಲು ಅಂತ ಯಾರು ಬೈದರೂ ನಂಗೆ ಬೇಜಾರಿಲ್ಲ ಅಕ್ಕ" ಅಂದ.

ಡಿಸೆಂಬರ್ 26, ಮಂಗಳವಾರ

ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಡಿಸೆಂಬರಿನದು ಉಂದುವಪ್ ಪೋಯ. ಅಶೋಕನ ಮಗಳು ಸಂಘಮಿತ್ತೆ ಬೋಧಿಯ ಸಸಿ ತಂದ ನೆನಪಿಗೆ. ಮದ್ಯ, ಮಾಂಸದ ಮಾರಾಟ ಬಂದ್. ಪ್ರವಾಸಿಗರಿಗೂ ಆಗ ಇದೇ ಕಾನೂನು. ನಮ್ಮಲ್ಲಿ ಅದು ಹೊಸ್ತಿಲ ಹುಣ್ಣಿಮೆ ಅಂತ ಅಕ್ಕನಿಗೆ ಹೇಳಿದೆ. ಅವರು ಬಿಳಿ ಸೀರೆ ಉಟ್ಟು ಅಗ್ರಬೋಧಿ ವಿಹಾರಕ್ಕೆ ಹೊರಟು ನಿಂತಿದ್ದರು, ಮಗಳಿಗೂ ಬಿಳಿ ಲಂಗ.

ಆದರೆ ಹೊರಡಲಿಲ್ಲ. 9:25 ಆಗಲಿ ಅಂದರು. ಟಿವಿ ಹಚ್ಚಿದ್ದರು. ಆ ಹೊತ್ತಿಗೆ ದೇಶವೆಲ್ಲ ಎರಡು ನಿಮಿಷ ಮೌನ. ಓಣಿಯಲ್ಲಿ ಒಂದು ಆಟೋ ಬಂದು ನಿಂತಿತು, ಡ್ರೈವರ್ ಇಳಿದು ಪಕ್ಕದಲ್ಲಿ ನಿಂತ. ಸುನಾಮಿ ಬಂದ 2004ರ ಡಿಸೆಂಬರ್ 26 ಕೂಡ ಉಂದುವಪ್ ಪೋಯವೇ, ಭಾನುವಾರ. ಹತ್ತೊಂಬತ್ತು ವರ್ಷಕ್ಕೊಮ್ಮೆ ಹುಣ್ಣಿಮೆ ಹೆಚ್ಚುಕಮ್ಮಿ ಅದೇ ತಾರೀಖಿಗೆ ಬರುತ್ತದೆ. ಆ ಸುತ್ತು ಈ ವರ್ಷ ಬಂದಿತ್ತು. ಹಾಗಾಗಿ ಈ ಸಲ ತಾರೀಖೂ ಅದೇ, ತಿಥಿಯೂ ಅದೇ ಅಂತ ಅಕ್ಕ ವಾರದಿಂದ ಚಡಪಡಿಸುತ್ತಿದ್ದರಂತೆ. ಅವರ ಮಗಳು ನಮ್ಮ ಕಡೆ ನೋಡಿ ಕಣ್ಣು ಮೇಲೆ ಮಾಡಿದಳು, ದಿನಾ ಇದೇ ಅನ್ನೋ ಹಾಗೆ.

ಅವತ್ತು ಅಕ್ಕ ಇದ್ದದ್ದು ಹೆದ್ದಾರಿಯ ಆ ಬದಿ, ಸಮುದ್ರಕ್ಕೆ ಅಂಟಿಕೊಂಡ ತವರುಮನೆಯಲ್ಲಿ. ಪೋಯಕ್ಕೆ ವಿಹಾರಕ್ಕೆ ಹೋಗಿದ್ದರಿಂದ ಉಳಿದರು. ಮನೆ ಉಳಿಯಲಿಲ್ಲ. ಇಷ್ಟೇ ಹೇಳಿದರು, ನಾನೂ ಕೇಳಲಿಲ್ಲ. ಶನಿವಾರ ನಾವು ವಡೆ ತಿನ್ನುತ್ತಾ ಬಂದ ಅದೇ ಹಳಿಯ ಮೇಲೆ, ಪೆರಳಿಯದಲ್ಲಿ, ಮಾತರಕ್ಕೆ ಹೊರಟಿದ್ದ ರೈಲು ಮೊದಲ ಅಲೆಗೆ ನಿಂತುಹೋಗಿತ್ತು. ರೈಲು ಗಟ್ಟಿ ಅಂತ ಊರಿನವರೂ ಓಡಿಬಂದು ಹತ್ತಿದರು. ಮುಂದಿನ ಅಲೆ ಬೋಗಿಗಳನ್ನೇ ಉರುಳಿಸಿತು. 1,700ಕ್ಕೂ ಹೆಚ್ಚು ಜನ. ರಜೆಗೆ ಊರಿಗೆ ಹೊರಟವರೇ ಅದರಲ್ಲಿ ಹೆಚ್ಚು ಅಂತ ಅಕ್ಕ ಹೇಳಿದರು. ಆಮೇಲೆ ಈ ತೀರದಲ್ಲಿ 100 ಮೀಟರ್ ಒಳಗೆ ಮನೆ ಕಟ್ಟಬಾರದು ಅಂತ ಸರ್ಕಾರ ಹೇಳಿತು, ಸ್ವಲ್ಪ ಕಾಲಕ್ಕೆ ಸಡಿಲ ಮಾಡಿತು. ಅಕ್ಕನ ಮನೆಯವರು ಮಾತ್ರ ಸಮುದ್ರದಿಂದ ದೂರ, ಊರ ಒಳಗೇ ಕಟ್ಟಿದರು. ಹಾಗಾಗಿ ಸಮುದ್ರ ಕಾಣುವ ರೂಮಿನ ಬಾಡಿಗೆ ಅವರಿಗಿಲ್ಲ.

ಅವರು ಅಲ್ಲಿಂದ ಇಲ್ಲಿಯ ತನಕ ನೀರಿಗೆ ಇಳಿದಿಲ್ಲ. ಮಗಳಿಗೂ ಈಜು ಬರುವುದಿಲ್ಲ. "ಕಲೀಬೇಕು ಅಂತ ಆಸೆ, ಅಮ್ಮ ಬಿಡಲ್ಲ. ಒಂದು ಸಮುದ್ರದ ಭಯ, ಇನ್ನೊಂದು ಕಪ್ಪಾಗ್ತೀನಿ ಅಂತ" ಅಂದಳು ಹುಡುಗಿ. ಕಪ್ಪಾಗುವ ಮಾತಿಗೆ ನಮ್ಮಿಬ್ಬರಿಗೂ ಅನುವಾದ ಬೇಕಿರಲಿಲ್ಲ. ಅರುಗಂ ಬೇನಲ್ಲಿ ಊರ ಹೆಣ್ಣುಮಕ್ಕಳೇ ಸೇರಿ 2018ರಲ್ಲಿ ಸರ್ಫ್ ಕ್ಲಬ್ ಕಟ್ಟಿಕೊಂಡಿದ್ದಾರೆ. ಅದರ ಫೋಟೊಗಳು ಅವಳ ಫೋನಿನಲ್ಲಿ ತುಂಬಾ ಇದ್ದವು. ವೆಲಿಗಾಮದ ಯಾವ ಚಪ್ಪರ ಎಷ್ಟು ತಗೊಳ್ಳುತ್ತೆ, ಯಾರ ಬೋರ್ಡು ಹಳೇದು ಅನ್ನೋದೆಲ್ಲ ಅವಳಿಗೆ ಬಾಯಿಪಾಠ. ನಮಗೆ ಮಲ್ಲಿಯ ಚಪ್ಪರ ತೋರಿಸಿದ್ದೂ ಅವಳೇ.

ಮಧ್ಯಾಹ್ನದ ಮೇಲೆ ಬೀಚಿನ ಮುಖವೇ ಬೇರೆ. ಒಳನಾಡಿನಿಂದ ಬಸ್ಸು, ವ್ಯಾನು, ಲಾರಿಗಳಲ್ಲಿ ಜನ ಬಂದಿಳಿದರು. ಶಾಲೆಗೂ ರಜೆ. ಡೋಲು, ತುತ್ತೂರಿ, ಅನ್ನದ ಪೊಟ್ಟಣ. ಗಂಡಸರು ಪ್ಯಾಂಟು ಮಡಚಿ, ಹೆಂಗಸರು ಉಟ್ಟ ಬಟ್ಟೆಯಲ್ಲೇ ಮಂಡಿಯ ತನಕ ನೀರಿಗಿಳಿದು, ಅಲೆ ಬಂದಾಗ ಒಬ್ಬರ ಕೈ ಒಬ್ಬರು ಹಿಡಿದು ಕಿರುಚುವುದು. ಲಾರಿ ಟ್ಯೂಬಿನ ಮೇಲೆ ಮಕ್ಕಳು. ಬಿಕಿನಿಯಲ್ಲಿ ಬೋರ್ಡು ಹಿಡಿದು ಬಂದ ವಿದೇಶಿ ಹುಡುಗಿಯರು ಈ ಜಾತ್ರೆಯ ನಡುವೆ ದಾರಿ ಕೇಳಿಕೊಂಡು ನೀರಿಗೆ ಹೋಗಬೇಕು. ಕೆಲವರಿಗೆ ಇದು ಕಿರಿಕಿರಿ. ಸೆಲ್ಫಿ ಕೇಳುವವರ ಕಾಟವೂ ನಿಜ, ಸುಳ್ಳು ಹೇಳಲ್ಲ. ಆದರೆ ವಾರವೆಲ್ಲ ಈ ಮರಳಿನಲ್ಲಿ ಊರಿನವರು ಬಾಡಿಗೆ ಕೊಡುವವರಾಗಿ, ಚಹಾ ತರುವವರಾಗಿ ಮಾತ್ರ ಕಂಡಿದ್ದರು. ಅವತ್ತು ಅವರದ್ದೇ ರಜೆ, ಅವರದ್ದೇ ಸಮುದ್ರ. ನನಗಂತೂ ಬಹಳ ಹಿಡಿಸಿತು.

ಕಾಲೇಜಿನ ಹುಡುಗರ ಗುಂಪೊಂದು ನಮ್ಮನೆಯವರ ಕನ್ನಡಕ ನೋಡಿ ಅವರ ಜೊತೆ ಫೋಟೊ ತೆಗೆಸಿಕೊಂಡಿತು. ಇವರು ಬೆಂಗಳೂರು ಅಂದ ಕೂಡಲೇ ಕ್ರಿಕೆಟ್ ಶುರು. ಎಂಟು ವಾರದ ಹಿಂದಷ್ಟೇ ವಿಶ್ವಕಪ್‌ನಲ್ಲಿ ಮುಂಬೈಯಲ್ಲಿ ಲಂಕಾ ನಮ್ಮೆದುರು 55ಕ್ಕೆ ಆಲೌಟ್ ಆಗಿತ್ತು. ಇವರು ಅದನ್ನು ಎತ್ತಲಿಲ್ಲ. ಹುಡುಗರೇ ಎತ್ತಿ, ತಮ್ಮ ತಂಡವನ್ನು ತಾವೇ ಚೆನ್ನಾಗಿ ಬೈದುಕೊಂಡರು. ಆಮೇಲೆ ಅಹಮದಾಬಾದ್ ಫೈನಲ್ ಬಗ್ಗೆ ನಮಗೆ ಸಮಾಧಾನ ಹೇಳಿದರು.

ರಾತ್ರಿ ಊಟಕ್ಕೆ ಹೋದ ಕಡೆ ಪಕ್ಕದ ಟೇಬಲ್ಲಿನವರು ಚಹಾದ ಕಪ್ಪಿನಲ್ಲಿ ಏನೋ ಕುಡಿಯುತ್ತಿದ್ದರು. ಚಹಾಗೆ ಅಷ್ಟು ನೊರೆ ಬರುವುದಿಲ್ಲ. ನಾವು ಎಮ್ಮೆ ಮೊಸರಿಗೆ ಕಿತುಲ್ ಬೆಲ್ಲದ ಪಾಕ ಸುರಿದುಕೊಂಡು ತಿಂದೆವು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು, ತಲೆಕೆಳಗೆ ಮಾಡಿದರೂ ಬೀಳದು. ಇದಕ್ಕೆ ಹೆಸರಾದದ್ದು ಈ ದಕ್ಷಿಣದ ಭಾಗವೇ.

ಡಿಸೆಂಬರ್ 27, ಬುಧವಾರ

ಕನ್ನಡಕಕ್ಕಾಗಿ ಗಾಲೆಗೆ. ಮಗಳು ಬೆಳಗಿನ ಅಲೆ ಬಿಟ್ಟು ಬರಲೊಪ್ಪಲಿಲ್ಲ, ನಾವಿಬ್ಬರೇ ಬಸ್ಸು ಹತ್ತಿದೆವು. ಗಾಲೆ ಕೋಟೆ ಚೆನ್ನಾಗಿದೆ, ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಅಂಗಡಿಯಾತ ಹಸಿರು ಕನ್ನಡಕವನ್ನು ಮಷಿನ್ನಿನಲ್ಲಿಟ್ಟು ಪವರ್ ನೋಡಿ, "ಸರ್, ಒಂದು ಕಣ್ಣಿಗೆ ಇದು ಸರಿಯಾಗಿದೆ" ಅಂದ. ಎರಡು ತಾಸಿನಲ್ಲಿ ಹೊಸದು ಸಿಕ್ಕಿತು. ಪವರಿನ ಚೀಟಿಯ ಫೋಟೊ ಇವರ ಫೋನಿನಲ್ಲಿ ಇದ್ದದ್ದು ಪುಣ್ಯ. ಕನ್ನಡಕದವರು ಯಾರೇ ಆಗಲಿ, ಅದನ್ನು ಇಟ್ಟುಕೊಂಡಿರಿ.

ಬರುವಾಗ ಕೊಗ್ಗಲದ ಹತ್ತಿರ ನೀರಲ್ಲಿ ನೆಟ್ಟ ಕಂಬಗಳ ಮೇಲೆ ಗಾಳ ಹಿಡಿದು ಕೂತವರು ಕಂಡರು. ಶ್ರೀಲಂಕಾ ಅಂದರೆ ಎಲ್ಲ ಪೋಸ್ಟರಿನಲ್ಲೂ ಬರುವ ಚಿತ್ರ. ಬಸ್ಸು ನಿಂತಾಗ ಅವರು ನಮ್ಮ ಕಡೆ ಕೈಬೀಸಿದರು. ಫೋಟೊಗೆ ದುಡ್ಡು, ಅದೇ ಈಗಿನ ಕಸುಬು. ಮೋಸ ಅಂತ ಬೈಯುವವರಿದ್ದಾರೆ. ದಿನವಿಡೀ ಆ ಕೋಲಿನ ಮೇಲೆ ಕೂತರೆ ಸಿಗುವ ಮೀನಿಗಿಂತ ಫೋಟೊ ಲಾಭ ಅನಿಸಿದರೆ ಅವರದ್ದೇನು ತಪ್ಪು?

ಮಿದಿಗಾಮದಲ್ಲಿ ಸುಮ್ನೆ ಇಳಿದೆವು. ಪುಟ್ಟ ರೈಲು ಸ್ಟೇಷನ್ನು, ಅದರಾಚೆ ಹೆದ್ದಾರಿ, ಅದರಾಚೆ ಅಲೆ. ಇಲ್ಲಿ ತಳದಲ್ಲಿ ಬಂಡೆ, ಕಡಲಮುಳ್ಳು. ಕಲಿಯುವವರ ಗದ್ದಲ ಕಮ್ಮಿ, ಬಲ್ಲವರೇ ಜಾಸ್ತಿ. ಅಲೆಗಳಿಗೂ ಹೆಸರಿದೆ, ಲೇಜಿ ಲೆಫ್ಟ್, ಲೇಜಿ ರೈಟ್, ರಾಮ್ಸ್ ಅಂತ. ಗೋಡೆಯ ಮೇಲೆ ಕೂತು ತಂಬಿಲಿ ಎಳನೀರು ಕುಡಿಯುತ್ತಾ ನೋಡಿದೆವು. ನೀರಿನಲ್ಲಿ ಯಾರೂ ಕೂಗುವುದಿಲ್ಲ. ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ದಿಗಂತ ನೋಡುತ್ತಾ ಕಾಯುತ್ತಾರೆ, ಒಬ್ಬ ತಿರುಗುತ್ತಾನೆ, ಎರಡು ಸಲ ಕೈಬೀಸಿ ಎದ್ದು ನಿಲ್ಲುತ್ತಾನೆ. ಇವರು ಹೊಸ ಕನ್ನಡಕದಲ್ಲಿ ಬಹಳ ಹೊತ್ತು ನೋಡಿ, "ಅಲೆ ತೆರೆಯೋ ಕಡೆ ಮೊದಲೇ ಗೊತ್ತಾಗುತ್ತೆ ನೋಡು ಅವರಿಗೆ. ನಮ್ಮಲ್ಲಿ ಅಳಿವೆ ದಾಟೋ ದೋಣಿಯವರಿಗೂ ಹೀಗೇ" ಅಂದರು.

ಆ ರಸ್ತೆಯುದ್ದಕ್ಕೂ, ಅಹಂಗಾಮದ ತನಕ, ಹೊಸ ಕೆಫೆಗಳು. ಒಂದು ಕಾಫಿಯ ಬೆಲೆಗೆ ನಮ್ಮ ಓಣಿಯಲ್ಲಿ ಇಬ್ಬರ ಊಟವಾಗುತ್ತದೆ. ಪಕ್ಕದಲ್ಲೇ ಮಡಲು ಹೆಣೆಯುತ್ತಾ ಕೂತ ಅಜ್ಜಿ ಮಾರುವ ಆಪ್ಪ ತಿಂದು ಬಂದೆವು. ಅಂಚು ಗರಿ, ನಡುವೆ ಮೊಟ್ಟೆ, ಮೇಲೆ ಲುನು ಮಿರಿಸ್ ಚಟ್ನಿ. ಕಣ್ಣಲ್ಲಿ ನೀರು ಬರುವಷ್ಟು ಖಾರ.

ಡಿಸೆಂಬರ್ 28, ಗುರುವಾರ

ರಾತ್ರಿಯ ವಿಮಾನ. ಬೆಳಿಗ್ಗೆ ಮಗಳು ಕೊನೆಯ ಸಲ ನೀರಿಗಿಳಿದಳು. ನಾನು ಚಪ್ಪರದಲ್ಲಿ ಲೆಕ್ಕ ಚುಕ್ತಾ ಮಾಡಿದೆ. ಮಲ್ಲಿ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದ. ಮಳೆಗೆ ಹಾಳಾದ ತಾಸಿನ ಬಾಡಿಗೆ ಬಿಟ್ಟಿದ್ದ, ಆದರೆ ಬೋರ್ಡಿನ ಮೂಗಿಗೆ ಆದ ಸೀಳಿಗೆ 500 ಹಿಡಿದಿದ್ದ. ಅದು ನಮ್ಮಿಂದ ಆದದ್ದಲ್ಲ ಅಂತ ಮಗಳು ವಾದ ಮಾಡಿದಳು. ಮೊದಲ ದಿನ ತೆಗೆದಿಟ್ಟುಕೊಂಡಿದ್ದ ಫೋಟೊ ತೋರಿಸಿದಳು, ಸೀಳು ಅದರಲ್ಲಿ ಕಂಡಿತು. ಅವನು ಹಲ್ಲುಬಿಟ್ಟು 500 ಹೊಡೆದುಹಾಕಿದ. ಬೋರ್ಡು ಬಾಡಿಗೆಗೆ ಪಡೆಯುವಾಗ ಸುತ್ತಲೂ ಫೋಟೊ ತೆಗೆಯಿರಿ ಅಂತ ಅವಳಿಗೆ ಹೇಳಿಕೊಟ್ಟಿದ್ದು ಮನೆಯ ಆ ಹುಡುಗಿಯಂತೆ.

ಹಸಿರು ಕನ್ನಡಕ ಮತ್ತೆ ಡಬ್ಬಕ್ಕೆ ಹೋಯಿತು. ಇನ್ನೊಬ್ಬರಿಗೆ ಬೇಕಾಗುತ್ತೆ ಅಂತ ಇವರೇ ಒರೆಸಿ ಇಟ್ಟರು.

ವಾಪಸ್ಸು ರೈಲಿನ ನೂಕುನುಗ್ಗಲು ಬೇಡ ಅಂತ ಎಕ್ಸ್‌ಪ್ರೆಸ್‌ವೇ ಬಸ್ಸು ಹಿಡಿದೆವು. ಎಸಿ ಬಸ್ಸು, ಬೇಗ ತಲುಪುತ್ತದೆ. ದಾರಿಯಲ್ಲಿ ಸಮುದ್ರ ಕಾಣುವುದಿಲ್ಲ, ಬರೀ ರಬ್ಬರ್ ತೋಟ, ಗದ್ದೆ, ದಾಲ್ಚಿನ್ನಿ ಗಿಡ. ಬ್ಯಾಗಿಗೆ ಜಾಗ ಕಮ್ಮಿ, ಒದ್ದೆ ಬಟ್ಟೆಯ ಚೀಲ ನನ್ನ ತೊಡೆಯ ಮೇಲೇ ಇತ್ತು. ಪಕ್ಕದಲ್ಲಿ ಮಗಳು ಫೋನಿನಲ್ಲಿ ಅರುಗಂ ಬೇ ಮ್ಯಾಪ್ ತೆಗೆದು ಕೂತಿದ್ದಳು.

"ಜುಲೈನಲ್ಲಿ ನಿಂಗೆ ಪರೀಕ್ಷೆ ಇಲ್ವೇನೇ?" ಅಂತ ಹಿಂದಿನ ಸೀಟಿನಿಂದ ಇವರು ಬಗ್ಗಿ ಕೇಳಿದರು.

"ಇದೆ ಅಪ್ಪ. ಆದ್ರೆ ಅಲ್ಲಿ ಸೀಸನ್ ಅಕ್ಟೋಬರ್ ತನಕ ಇದೆ."